ಹೊತ್ತು ನೋಡಿ ಹೊರಡುವ ಊರು

ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಮಕ್ಕಳಿಗೆ ರಜೆಯಿರುವ ದಿನ ಅದೇ, ಬಿಸಿಲು ಇಳಿದು ಹೊರಗೆ ಹೊರಡಲು ಹದವಾದ ಹೊತ್ತೂ ಅದೇ. ಪಂಚಾಂಗದಿಂದಲೇ ಹಳೇ ಮೈಸೂರು ಸೀಮೆಯ ಮನೆಮನೆಗೆ ಹೆಸರು ಮುಟ್ಟಿಸಿದ ಒಂಟಿಕೊಪ್ಪಲಿನಲ್ಲಿ ಈ ಪೇಚು ಹೊಸದಲ್ಲ. ಅಜ್ಜಿಯಂದಿರು ಕಂಡುಕೊಂಡ ದಾರಿ ಸುಲಭದ್ದು: ನಾಲ್ಕೂಕಾಲಿಗೇ ಹೊಸ್ತಿಲು ದಾಟಿಬಿಡುವುದು. ಆದರೆ ಅದೇ ಪಂಚಾಂಗದಲ್ಲಿ ಸೂರ್ಯೋದಯ, ಸೂರ್ಯಾಸ್ತದ ಹೊತ್ತೂ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ರಾಹುಕಾಲಕ್ಕಿಂತ ಹೆಚ್ಚು ಬೇಕಾದದ್ದು ಆ ಎರಡು ಅಂಕಿಗಳು.

ಮೈಸೂರಿನ ವಿಹಾರತಾಣಗಳಲ್ಲಿ ಹೆಸರಾದ ಮೂರು ಸಿದ್ಧವಾದದ್ದು 1864ರಿಂದ 1932ರವರೆಗಿನ ಸುಮಾರು ಎಪ್ಪತ್ತು ವರ್ಷಗಳಲ್ಲಿ. ಒಂದೊಂದಕ್ಕೂ ಅದರದೇ ಆದ ಹೊತ್ತಿದೆ. ನಾವೀಗ ಹೆಚ್ಚಾಗಿ ಹೋಗುವುದು ಆ ಹೊತ್ತು ತಪ್ಪಿಸಿ.

ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲಿನ ತಾಪ ಸಾಮಾನ್ಯವಾಗಿ 34-35 ಡಿಗ್ರಿ ಮುಟ್ಟುತ್ತದೆ. ಗಾಳಿಯಲ್ಲಿ ಕರಾವಳಿಯಷ್ಟು ತೇವವಿಲ್ಲದ ಕಾರಣ ಹೊತ್ತು ಮುಳುಗುತ್ತಿದ್ದಂತೆ ಸೆಕೆ ಸಡಿಲಾಗುತ್ತದೆ. ಮಕ್ಕಳ ಮಾತು ಬೇರೆ. ಅವರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಬೆವರುವುದು ಕಡಿಮೆ. ಹೀಗಾಗಿ ದೊಡ್ಡವರಿಗೆ ಬರೀ ದಣಿವೆನಿಸುವ ಬಿಸಿಲು ನಾಲ್ಕು ವರ್ಷದ ಮಗುವಿಗೆ ಜ್ವರದಂತೆ ಏರುತ್ತದೆ. ದೊಡ್ಡ ರಜೆ ಬರುವುದೂ ಏಪ್ರಿಲ್-ಮೇ ತಿಂಗಳಲ್ಲೇ!

ಹೆಸರೇ ಹೇಳುವಂತೆ ಒಂಟಿಕೊಪ್ಪಲು ಒಂದು ಕಾಲಕ್ಕೆ ಊರಾಚೆಯ ಒಂಟಿ ಕೊಪ್ಪಲು. 1898ರ ಪ್ಲೇಗು ಮೈಸೂರಿನ ಇಕ್ಕಟ್ಟಿನ ಕೇರಿಗಳನ್ನು ಕಾಡಿದ ಬಳಿಕ, 1903ರಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ಥ ಮಂಡಳಿ ರಚನೆಯಾಯಿತು. ಗಾಳಿ ಬೆಳಕು ಆಡುವ ನೇರ ರಸ್ತೆಗಳ ಹೊಸ ಬಡಾವಣೆಗಳು ಎದ್ದವು. ಕೊಪ್ಪಲೂ ಅದರೊಳಗೆ ಸೇರಿಹೋಯಿತು.

ಇಲ್ಲಿನ ವೆಂಕಟರಮಣಸ್ವಾಮಿ ದೇವಸ್ಥಾನದ ಮುಂದಿನ ಕೆ.ಆರ್.ಎಸ್. ರಸ್ತೆಯನ್ನು ಪ್ರಿನ್ಸೆಸ್ ರಸ್ತೆ ಎಂದೂ ಕರೆಯುತ್ತಾರೆ. ಆ ರಾಜಕುಮಾರಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ. ಕ್ಷಯಕ್ಕೆ ಬಲಿಯಾದ ಅವರ ನೆನಪಿಗೆ ಒಡೆಯರು ಇದೇ ರಸ್ತೆಯಲ್ಲಿ 1921ರಲ್ಲಿ ಸ್ಯಾನಟೋರಿಯಂ ತೆರೆದರು. ಕ್ಷಯಕ್ಕೆ ಮದ್ದೇ ಇಲ್ಲದಿದ್ದ ಆ ದಿನಗಳಲ್ಲಿ ವೈದ್ಯರು ನೆಚ್ಚಿದ್ದು ಬಯಲ ಗಾಳಿಯನ್ನು, ವಿಶ್ರಾಂತಿಯನ್ನು, ಒಳ್ಳೆಯ ಊಟವನ್ನು. ಮುಂದೆ ಬೃಂದಾವನಕ್ಕೆ ಹೊರಟ ಸಂಸಾರಗಳು ಸಾಗಿದ್ದೂ ಅದೇ ಗಾಳಿಯ ರಸ್ತೆಯಲ್ಲಿ.

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನದ ಕೆಲಸ 1927ರಲ್ಲಿ ಆರಂಭವಾಗಿ 1932ಕ್ಕೆ ಮುಗಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಣ್ಣಿಗೆ ಕಟ್ಟಿದ್ದ ಮಾದರಿ ಕಾಶ್ಮೀರದ ಶಾಲಿಮಾರ್ ತೋಟ. ಇಲ್ಲಿ ಅದಕ್ಕೆ ವಿದ್ಯುತ್ ಸೇರಿತು. ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ ತೆಗೆದಿದ್ದ ಸಂಸ್ಥಾನಕ್ಕೆ ಬಣ್ಣದ ದೀಪ, ಕಾರಂಜಿ ದೊಡ್ಡ ಮಾತಾಗಿರಲಿಲ್ಲ. ಹೀಗೆ ಬಿಸಿಲ ನಾಡಿಗೆ ರಾತ್ರಿಯ ತೋಟವೊಂದು ದಕ್ಕಿತು. ಐದು ಗಂಟೆಗೆ ತಲುಪಿ, ಬೆಳಕಿರುವಾಗ ಮಕ್ಕಳನ್ನು ಓಡಾಡಲು ಬಿಟ್ಟು, ದೀಪ ಹತ್ತಿದ ಮೇಲೆ ಕಾರಂಜಿ ನೋಡಿ ಮರಳುವುದು ಅದಕ್ಕೆ ಒಪ್ಪುವ ಕ್ರಮ. ಒಂದೇ ದಿನ ಅರಮನೆ, ಮೃಗಾಲಯ, ಬೆಟ್ಟ ಎಲ್ಲ ಮುಗಿಸಿ, ತೂಕಡಿಸುವ ಮಕ್ಕಳನ್ನು ಎಳೆದುಕೊಂಡು ಬರುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಕುಕ್ಕರಹಳ್ಳಿ ಕೆರೆಯ ಹೊತ್ತು ಬೆಳಗು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ಹೊಲಗದ್ದೆಗಳ ನೀರಿಗಾಗಿ. ವಾಯುವಿಹಾರ ಆಮೇಲೆ ಕೂಡಿಕೊಂಡದ್ದು. 'ಉದಯರವಿ'ಯ ಕುವೆಂಪು ಈ ಕೆರೆಯ ಉದಯಾಸ್ತಗಳನ್ನು ಕವಿತೆಯಾಗಿಸಿದರು. ಪೂರ್ತಿ ಸುತ್ತು ಸುಮಾರು 5 ಕಿ.ಮೀ. ಪುಟ್ಟ ಕಾಲಿಗೆ ಏರಿಯ ಮೇಲಿನ ಒಂದಷ್ಟು ದೂರ ಸಾಕು, ಹಕ್ಕಿಗಳೂ ಬಿಸಿಲೇರುವ ಮುಂಚೆಯೇ ಕಾಣಸಿಗುತ್ತವೆ. ಮನೆಯ ಹತ್ತಿರವೇ ಸಾಕೆನ್ನುವವರಿಗೆ ಚೆಲುವಾಂಬ ಪಾರ್ಕ್ ಇದೆ. 1979ರಲ್ಲಿ ಶುರುವಾದ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ, ಆದರೆ ಬಯಲಲ್ಲಿ ನಿಂತ ಎಂಜಿನ್ನುಗಳ ಕಬ್ಬಿಣ ಮಧ್ಯಾಹ್ನ ಕಾದ ಕಾವಲಿಯೇ ಸರಿ.

ತೊಡಕಿರುವುದು ಮೃಗಾಲಯದಲ್ಲಿ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಆರಂಭಿಸಿದ ಅದಕ್ಕೆ ಈಗ 157 ಎಕರೆ ಹರವು. ಹಗಲಲ್ಲೇ ನೋಡಬೇಕು. ಬಾಗಿಲು ತೆರೆಯುವುದು ಎಂಟೂವರೆಗೆ. ಆಗಲೇ ಒಳಹೊಕ್ಕರೆ ಮೂರು ತಾಸಿನಲ್ಲಿ ನಿಧಾನವಾಗಿ ಸುತ್ತಿ ಬರಬಹುದು. ಹನ್ನೊಂದಕ್ಕೆ ಟಿಕೆಟ್ ಕೊಂಡವರಿಗೆ ಸಿಗುವುದು ನೆತ್ತಿ ಸುಡುವ ಬಿಸಿಲು ಮತ್ತು ನೆರಳಿನಲ್ಲಿ ಬೆನ್ನು ತಿರುಗಿಸಿ ಮಲಗಿದ ಹುಲಿ. ಆದರೆ ಊರಾಚೆಯ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ ಬರುವವರಿಗೆ ಎಂಟೂವರೆ ಎಲ್ಲಿಯ ಮಾತು? ಅವರಿಗೆ ಆಸರೆಯಾಗಬೇಕಾದದ್ದು ದಾರಿಯ ಮರಗಳು.

ಆ ಆಸರೆಯೇ ಈಗ ಕರಗುತ್ತಿದೆ. 2025ರ ಏಪ್ರಿಲ್‌ನಲ್ಲಿ, ಬೇಸಿಗೆಯ ನಡುವೆಯೇ, ನಜರ್‌ಬಾದ್ ಕಡೆಯ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲೆಂದು 40 ಮರಗಳನ್ನು ಉರುಳಿಸಲಾಯಿತು. ಊರಿನವರು ಬೀದಿಗಿಳಿದು ಪ್ರತಿಭಟಿಸಿದರು. ಅಗಲವಾದ ರಸ್ತೆಯಲ್ಲಿ ಕಾರು ಬೇಗ ಹೋದೀತು. ಮಗುವಿನ ಕೈಹಿಡಿದು ನಡೆಯುವ ತಾಯಿಗೆ ಅದರಿಂದ ಬಂದದ್ದು ಬಿಸಿಲೊಂದೇ.

ಒಂಟಿಕೊಪ್ಪಲಿನಿಂದ ಮೃಗಾಲಯಕ್ಕೆ ಹೊರಡುವವರಿಗೆ ಅಡುಗೆಮನೆಯಲ್ಲೇ ಒಂದು ಗಡಿಯಾರವಿದೆ. ಬುತ್ತಿಯ ಮೊಸರನ್ನಕ್ಕೆ ಹಾಲನ್ನೇ ಹೆಚ್ಚು ಸುರಿದು, ಹೆಪ್ಪಿನಷ್ಟು ಮಾತ್ರ ಮೊಸರು ಬೆರೆಸುವುದು ಹಳೆಯ ರೂಢಿ. ಬೆಳಿಗ್ಗೆ ಏಳಕ್ಕೆ ಕಲಸಿದ್ದನ್ನು ಹನ್ನೊಂದೂವರೆಗೆ ಹೊರಬಂದು ತೆರೆದರೆ ಹದವಾಗಿರುತ್ತದೆ. ಎರಡು ಗಂಟೆಗೆ ತೆರೆದರೆ ಹುಳಿ.