ತೋಳು ಬಿಗಿಸುವ ಶಸ್ತ್ರಚಿಕಿತ್ಸೆ: ಒಂದು ಕಲೆಯ ಚರಿತ್ರೆ

ಮೂರು ವರ್ಷದ ಹಿಂದೆ ಯುಗಾದಿಯ ದಿನ ನಮ್ಮ ಕೂಟದ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಾಗ ಗೆಳತಿಯೊಬ್ಬಳು ರವಿಕೆಯ ತೋಳನ್ನು ಸರಿಸಿ ತನ್ನ ರಟ್ಟೆ ತೋರಿಸಿದಳು. ಡಯಾಬಿಟಿಸ್‌ಗೆ ಹೆದರಿ ಎರಡು ವರ್ಷದಲ್ಲಿ 35 ಕಿಲೋ ಇಳಿಸಿದವಳು ಅವಳು. ಸಕ್ಕರೆ ಹತೋಟಿಗೆ ಬಂದಿತ್ತು, ಮಂಡಿನೋವು ಹೋಗಿತ್ತು. ತೋಳಿನ ಚರ್ಮ ಮಾತ್ರ ಖಾಲಿ ಚೀಲದ ಹಾಗೆ ಜೋತುಬಿದ್ದಿತ್ತು. “ಅಕ್ಕಾ, ಇದಕ್ಕೂ ಆಪರೇಷನ್ ಇದೆಯಂತೆ. ಮಾಡಿಸಿಕೊಂಡರೆ ಏನೇನಾಗುತ್ತೆ?” ಎಂದು ಕೇಳಿದಳು.

ನಾನು ವೈದ್ಯಳಲ್ಲ. ಹಳೆಯ ಪುಸ್ತಕ, ಪತ್ರಿಕೆಗಳನ್ನು ಕೆದಕುವ ಹವ್ಯಾಸ ಇರುವವಳು. ಅವಳಿಗೆ ಉತ್ತರ ಹೇಳಲೆಂದು ಓದಲು ಕುಳಿತಾಗ, ಈ ವಿದ್ಯೆಯ ಕಥೆ ನಮ್ಮ ಶ್ರೀರಂಗಪಟ್ಟಣದ ಪಕ್ಕದಿಂದಲೇ ಹಾದುಹೋಗಿದೆ ಎಂದು ತಿಳಿಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಈ ಚಿಕಿತ್ಸೆಯಲ್ಲಿ ಒಂದು ಕಡೆ ಸರಿಪಡಿಸಿದ್ದಕ್ಕೆ ಇನ್ನೊಂದು ಕಡೆ ಗಾಯದ ಕಲೆ ಉಳಿಯುತ್ತದೆ. ಆ ಕಲೆಯನ್ನು ಎಲ್ಲಿಡುವುದು ಎಂಬ ಪ್ರಶ್ನೆಯೇ ಇದರ ಚರಿತ್ರೆ.

ಮೂಗಿನಿಂದ ಆರಂಭ

ಪ್ಲಾಸ್ಟಿಕ್ ಸರ್ಜರಿಗೂ ನಾವು ಬಳಸುವ ಪ್ಲಾಸ್ಟಿಕ್ ಡಬ್ಬಕ್ಕೂ ಸಂಬಂಧವಿಲ್ಲ. ಅಚ್ಚು ಹಾಕು, ಆಕಾರ ಕೊಡು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ಕೆಲಸವಂತೂ ಹೆಸರಿಗಿಂತ ಬಹಳ ಹಳೆಯದು. ಕತ್ತರಿಸಿಹೋದ ಮೂಗಿನ ಅಳತೆಯನ್ನು ಎಲೆಯಿಂದ ತೆಗೆದು, ಕೆನ್ನೆಯ ಚರ್ಮವನ್ನು ಬಿಡಿಸಿ ಕೂರಿಸುವ ಕ್ರಮ ಸುಶ್ರುತಸಂಹಿತೆಯಲ್ಲಿದೆ. ಉಸಿರಾಡಲು ಎರಡು ನಳಿಕೆ ಇಡಬೇಕೆಂಬುದನ್ನೂ ಅದು ಮರೆತಿಲ್ಲ.

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಸೆರೆಯಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದೂ, ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯವನ್ನು ಸೇರಿಕೊಂಡನೆಂದೂ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ವರದಿ ಮಾಡಿತು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಸಮುದಾಯದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಗೆರೆ ಎಳೆದ. ಆ ಅಳತೆಯ ಚರ್ಮವನ್ನು, ಹುಬ್ಬುಗಳ ನಡುವಿನ ಬುಡವನ್ನು ಕತ್ತರಿಸದೆ, ಬಿಡಿಸಿ ಕೆಳಕ್ಕೆ ತಿರುಗಿಸಿದ. ಬುಡ ಉಳಿದದ್ದರಿಂದ ರಕ್ತ ಹರಿಯಿತು, ಚರ್ಮ ಬದುಕಿತು.

ಈ ವರದಿಯನ್ನು ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ, ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಇದೇ ಕ್ರಮದಲ್ಲಿ ರೋಗಿಯೊಬ್ಬನಿಗೆ ಮೂಗು ಕಟ್ಟಿದ. 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ಜೀವ ಬಂದದ್ದು ಹೀಗೆ. ಮೂಗು ಬಂದರೂ ಹಣೆಯ ಮೇಲೆ ಕಲೆ ಉಳಿಯಿತು. ಮೂಗಿಲ್ಲದೆ ಬದುಕಿದವನಿಗೆ ಅದು ದೊಡ್ಡ ಬೆಲೆಯಾಗಿರಲಿಲ್ಲ.

ಮೂಗಿನಿಂದ ತೋಳಿಗೆ

ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಆಸ್ಪತ್ರೆ ತೆರೆಯಿತು. ಹೆರಾಲ್ಡ್ ಗಿಲೀಸ್ ಅಲ್ಲಿ ಚರ್ಮವನ್ನು ದೇಹದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ವಿದ್ಯೆಯನ್ನು ಬಹಳ ದೂರ ಬೆಳೆಸಿದರು. ಯುದ್ಧಾನಂತರ ಅದೇ ವಿದ್ಯೆ ಅಂದಚಂದದ ಕಡೆಗೂ ತಿರುಗಿತು. 1920ರ ದಶಕದಲ್ಲಿ ಪಶ್ಚಿಮದ ಹೆಂಗಸರ ಉಡುಪಿನಿಂದ ತೋಳು ಮಾಯವಾಗಿತ್ತು; ರಟ್ಟೆ ಎಲ್ಲರ ಕಣ್ಣಿಗೂ ಬೀಳತೊಡಗಿತ್ತು. 1930ರಲ್ಲಿ ಶಿಕಾಗೋದ ಮ್ಯಾಕ್ಸ್ ಥೋರೆಕ್ ಸ್ತನ, ಹೊಟ್ಟೆ, ತೋಳುಗಳ ಜೋತುಬಿದ್ದ ಚರ್ಮವನ್ನು ತೆಗೆಯುವ ಬಗ್ಗೆ ಬರೆದರು. 1954ರಲ್ಲಿ ಅರ್ಜೆಂಟೀನಾದ ಇಬ್ಬರು ವೈದ್ಯರು ತೋಳಿನ ಶಸ್ತ್ರಚಿಕಿತ್ಸೆಯೊಂದನ್ನೇ ವಿವರಿಸಿ ಲೇಖನ ಪ್ರಕಟಿಸಿದರು. ಇಂದು ಇದಕ್ಕೆ ಬ್ರೇಕಿಯೋಪ್ಲಾಸ್ಟಿ ಎಂದು ಹೆಸರು.

ಹೆಚ್ಚಿನ ಚರ್ಮ ತೆಗೆದು ಹೊಲಿದರಾಯಿತು ಎಂಬಷ್ಟು ಸುಲಭದ ಕೆಲಸ ಇದಲ್ಲ. ಕಂಕುಳಿನ ಮೂಲಕ ನೇರ ಗೆರೆಯಲ್ಲಿ ಹೊಲಿದರೆ ಗಾಯ ಮಾಗುವಾಗ ಹಗ್ಗದಂತೆ ಬಿಗಿದು ಕೈ ಎತ್ತಲು ತೊಡಕಾಗಬಹುದು. ಅದಕ್ಕೇ 1970ರ ದಶಕದಲ್ಲಿ ಗೆರೆಯನ್ನು ಅಂಕುಡೊಂಕಾಗಿ ತಿರುಗಿಸುವ ಕ್ರಮಗಳು ಬಂದವು. ಎಳೆತಕ್ಕೆ ಕಲೆ ಅಗಲವಾಗುವುದು ಇನ್ನೊಂದು ತೊಂದರೆ. 1995ರಲ್ಲಿ ಅಮೆರಿಕದ ಟೆಡ್ ಲಾಕ್‌ವುಡ್, ಭಾರವನ್ನು ಚರ್ಮದ ಮೇಲೆ ಹಾಕದೆ ಅದರಡಿಯ ಗಟ್ಟಿ ಪೊರೆಯನ್ನು ಹಿಡಿದು ಹೊಲಿಯುವ ಕ್ರಮವನ್ನು ವಿವರಿಸಿದರು. ಆದರೂ ಕಲೆ ತೋಳಿನ ಒಳಮಗ್ಗುಲಲ್ಲಿರಬೇಕೇ, ಹಿಂಬದಿಯಲ್ಲಿರಬೇಕೇ ಎಂಬ ಬಗ್ಗೆ ಸರ್ಜನ್‌ಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಲೆಕ್ಕದಂತೆ 2000ದಲ್ಲಿ ಸುಮಾರು 300 ಹೆಂಗಸರು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. 2012ರಲ್ಲಿ ಆ ಸಂಖ್ಯೆ 15,000 ದಾಟಿತು. ತೋಳಿಲ್ಲದ ಉಡುಪಿನ ಫ್ಯಾಷನ್ ಒಂದು ಕಾರಣ. ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿಕೊಂಡವರು ಹೆಚ್ಚಿದ್ದು ಇನ್ನೊಂದು. ಈಗ ತೂಕ ಇಳಿಸುವ ಚುಚ್ಚುಮದ್ದುಗಳೂ ಬಂದಿವೆ. ನನ್ನ ಗೆಳತಿಯ ಪ್ರಶ್ನೆ ಅವಳೊಬ್ಬಳದೇ ಆಗಿ ಉಳಿದಿಲ್ಲ.

ಏನನ್ನು ನಿರೀಕ್ಷಿಸಬೇಕು?

ತೂಕ ಸುಮಾರು ಆರು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ಇಲ್ಲವಾದರೆ ಮತ್ತೆ ತೂಕ ಇಳಿದಾಗ ಚರ್ಮವೂ ಮತ್ತೆ ಜೋಲುತ್ತದೆ. ಸಿಗರೇಟು ಸೇದುವವರು ವಾರಗಳ ಮೊದಲೇ ಬಿಡಬೇಕು, ಏಕೆಂದರೆ ಅದು ಗಾಯ ಮಾಯುವುದನ್ನು ಕೆಡಿಸುತ್ತದೆ. ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ಗಂಟುಗಳನ್ನು ತೆಗೆಸಿಕೊಂಡವರು ಅದನ್ನು ಸರ್ಜನ್‌ಗೆ ತಪ್ಪದೆ ಹೇಳಬೇಕು. ಅವರಿಗೆ ಕೈ ಊದಿಕೊಳ್ಳುವ ಅಪಾಯ ಹೆಚ್ಚು.

ಸಾಮಾನ್ಯವಾಗಿ ಮತ್ತು ಬರಿಸಿ ಎರಡು ಮೂರು ಗಂಟೆ ಮಾಡುವ ಕೆಲಸ ಇದು. ಅನೇಕರು ಅದೇ ದಿನ ಮನೆಗೆ ಬರುತ್ತಾರೆ. ಗಾಯ ಹೆಚ್ಚಾಗಿ ಕಂಕುಳಿನಿಂದ ಮೊಣಕೈವರೆಗೂ ಇರುತ್ತದೆ. ಕಂಕುಳಲ್ಲೇ ಮುಚ್ಚಿಹೋಗುವ ಚಿಕ್ಕ ಗಾಯ ಸಾಕಾಗುವುದು ಚರ್ಮ ಸ್ವಲ್ಪವೇ ಸಡಿಲವಿದ್ದವರಿಗೆ. ಬಿಗಿಯಾದ ತೋಳುಪಟ್ಟಿಯನ್ನು ಕೆಲವು ವಾರ ಹಾಕಿಕೊಂಡಿರಬೇಕು. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದಾದರೂ ಭಾರ ಎತ್ತುವುದಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ನಮ್ಮ ಮನೆಗಳಲ್ಲಿ ಭಾರ ಎಂದರೆ ತುಂಬಿದ ಕುಕ್ಕರ್, ಅಕ್ಕಿ ಮೂಟೆ, ಕಂಕುಳಲ್ಲಿ ಕೂರುವ ಮಗು. ಮೊದಲೇ ಯಾರನ್ನಾದರೂ ಸಹಾಯಕ್ಕೆ ಒಪ್ಪಿಸಿಕೊಂಡಿರಬೇಕು.

ಚರ್ಮದಡಿ ನೀರು ತುಂಬಿಕೊಳ್ಳುವುದು, ಹೊಲಿಗೆ ಅಲ್ಲಲ್ಲಿ ಬಿಡುವುದು, ಸೋಂಕು ತಗಲುವುದು, ಮುಂಗೈಯ ಒಳಮಗ್ಗುಲು ಜೋಮು ಹಿಡಿದಂತಾಗುವುದು ಇದರಲ್ಲಿ ಗೊತ್ತಿರುವ ತೊಡಕುಗಳು. ಕಲೆ ಮೊದಲು ಕೆಂಪಾಗಿ ದಪ್ಪವಾಗಿದ್ದು, ತಿಳಿಯಾಗಲು ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಅದು ಕಪ್ಪಾಗಿ ಉಳಿಯುವ, ಉಬ್ಬಿ ಕೀಲಾಯ್ಡ್ ಆಗುವ ಸಂಭವ ಹೆಚ್ಚು. ಕಿವಿ ಚುಚ್ಚಿಸಿದಾಗ ಗಂಟು ಕಟ್ಟಿದ್ದವರು ಆ ಮಾತನ್ನು ಸರ್ಜನ್‌ಗೆ ತಿಳಿಸಬೇಕು. ನಮ್ಮ ಬಣ್ಣದವರ ತೋಳು ಒಂದು ವರ್ಷದ ಬಳಿಕ ಹೇಗಿತ್ತು ಎಂಬುದರ ಫೋಟೊ ಕೇಳಿ ನೋಡಬೇಕು. ಆರು ವಾರದ ಫೋಟೊ ಸಾಲದು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿ ಬೋರ್ಡಿನ ಮಾನ್ಯತೆ ಇದೆಯೇ ಎಂದೂ ವಿಚಾರಿಸಬೇಕು. ಬರೀ ಅಂದಕ್ಕಾಗಿ ಮಾಡಿಸಿದರೆ ಇಲ್ಲಿನ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಗೆಳತಿ ಒಂದು ವರ್ಷ ಯೋಚಿಸಿ ಮಾಡಿಸಿಕೊಂಡಳು. ತೋಳು ತೆಳ್ಳಗಾಗಿದೆ, ಚರ್ಮ ಉಜ್ಜಿ ಹುಣ್ಣಾಗುವುದು ನಿಂತಿದೆ. ಎಡಗೈಯ ಕಲೆ ಮಾತ್ರ ಅಂದುಕೊಂಡದ್ದಕ್ಕಿಂತ ಅಗಲವಾಗಿ, ಕಪ್ಪಾಗಿ ಉಳಿದಿದೆ. “ಗೊತ್ತಿದ್ದೇ ಮಾಡಿಸಿಕೊಂಡೆ ಅಕ್ಕಾ, ಅದಕ್ಕೇ ಅಳು ಬರಲಿಲ್ಲ” ಎನ್ನುತ್ತಾಳೆ. ಹೋದ ದೀಪಾವಳಿಗೆ ಹಾಸನದಿಂದ ಬಂದ ಅವಳ ತಾಯಿ ಅದನ್ನು ಕಂಡು, “ಇದೇನೇ ಇಷ್ಟುದ್ದ?” ಎಂದು ಗಾಬರಿಯಾದರಂತೆ. ಅವಳು ಎಲ್ಲವನ್ನೂ ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಹುಟ್ಟಿದಾಗಿನದು ನನ್ನ ಹೊಟ್ಟೆ ಮೇಲೂ ಒಂದಿದೆ. ಹೋಗಲಿ ಬಿಡು, ಶುಗರ್ ಎಷ್ಟಿದೆ ಈಗ?” ಎಂದು ಕೇಳಿದರಂತೆ.