ಕ್ಯಾಮಿನ ಉಬ್ಬು, ಭದ್ರಾವತಿಯ ಉಕ್ಕು

ಹಳೆಯ ಬುಲೆಟ್ ಮೋಟಾರ್ ಸೈಕಲ್ಲೊಂದು ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಹಾದುಹೋದರೆ, ಮನೆಯೊಳಗೆ ಕಣ್ಣು ಮುಚ್ಚಿ ಕುಳಿತವರೂ ಅದು ಬುಲೆಟ್ ಎಂದು ಹೇಳಬಲ್ಲರು. ಆದರೆ ಮೆಕ್ಯಾನಿಕ್‌ನ ಕಿವಿ ಆ ಗುಡುಗಿನ ಹಿಂದೆ ಇನ್ನೊಂದು ಸದ್ದನ್ನು ಹುಡುಕುತ್ತಿರುತ್ತದೆ. ಹೊಲಿಗೆ ಯಂತ್ರ ಓಡಿದಂತೆ ಟಕಟಕ ಎನ್ನುವ ಸಣ್ಣ ಸದ್ದು ಅದು. ‘ಟ್ಯಾಪೆಟ್ ಸದ್ದು ಬರ್ತಿದೆ, ಸೆಟ್ಟಿಂಗ್ ಮಾಡಿಸ್ಬೇಕು ಸಾರ್’ ಎಂಬ ಮಾತನ್ನು ಕೇಳದ ಹಳೆ ಬುಲೆಟ್ ಮಾಲೀಕರು ಈ ಊರಿನಲ್ಲಿ ಇರಲಾರರು. ಟ್ಯಾಪೆಟ್ ಎಂದರೇನು, ಸದ್ದು ಯಾಕೆ ಬರುತ್ತದೆ ಎಂದು ಕೇಳಿದವರು ಮಾತ್ರ ಕಡಿಮೆ.

ಎಂಜಿನ್ನು ಉಸಿರಾಡಬೇಕು. ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆ ಬಿಡಲು ಒಂದು ವಾಲ್ವು, ಉರಿದ ಹೊಗೆಯನ್ನು ಹೊರಗೆ ಬಿಡಲು ಇನ್ನೊಂದು. ಇವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಕೆಲಸ ಕ್ಯಾಮ್ ಶಾಫ್ಟಿನದು. ಕಬ್ಬಿಣದ ಒಂದು ದಂಡ, ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ದಂಡ ತಿರುಗಿದಂತೆ ಉಬ್ಬು ಬಂದು ಟ್ಯಾಪೆಟ್ಟನ್ನು ಮೇಲಕ್ಕೆ ನೂಕುತ್ತದೆ, ಟ್ಯಾಪೆಟ್ಟು ಪುಶ್ ರಾಡನ್ನು, ಪುಶ್ ರಾಡು ರಾಕರನ್ನು, ರಾಕರು ವಾಲ್ವನ್ನು. ಉಬ್ಬು ದಾಟಿದೊಡನೆ ಸ್ಪ್ರಿಂಗು ವಾಲ್ವನ್ನು ಎಳೆದು ಮುಚ್ಚುತ್ತದೆ. ತಿರುಗುವುದನ್ನು ಎದ್ದು ಬೀಳುವುದನ್ನಾಗಿ ಮಾಡುವ ಈ ಉಪಾಯ ಬಹಳ ಹಳೆಯದು. 1206ರಲ್ಲಿ ಅಲ್ ಜಜಾರಿ ಎಂಬ ಅರಬ್ ಯಂತ್ರಶಿಲ್ಪಿ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ನಮ್ಮ ಮನೆಗಳ ಹೊಲಿಗೆ ಯಂತ್ರದಲ್ಲಿ ದಾರದ ಕೊಕ್ಕೆ ಮೇಲೆ ಕೆಳಗೆ ಕುಣಿಯುವುದೂ ಇಂಥದೇ ಒಂದು ಕ್ಯಾಮಿನಿಂದ.

ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮ್ ಶಾಫ್ಟು ಒಂದು ಸುತ್ತು. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದೆ. ಆದ್ದರಿಂದ ಹಳೆ ಎಂಜಿನ್ನುಗಳಲ್ಲಿ ರಾಕರು ಮತ್ತು ವಾಲ್ವಿನ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತಾರೆ. ಅಂಬಾಸಿಡರ್ ಕಾರಿನಲ್ಲಿ ಅದು ಇಂಚಿನ ಸಾವಿರದ 15 ಭಾಗ. ಮೆಕ್ಯಾನಿಕ್‌ಗಳ ಬಾಯಲ್ಲಿ ‘ಹದಿನೈದು ಥೌ’. ಸಂದು ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೆಚ್ಚಾದರೆ ಟಕಟಕ ಸದ್ದು. ಹಳೆ ಬುಲೆಟ್ಟಿನದು ಇನ್ನೂ ಸರಳ ವಿಧಾನ. ಎಂಜಿನ್ನು ತಣ್ಣಗಿರುವಾಗ ಪುಶ್ ರಾಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಇಂಥ ಸಂದು ಬೇಡುವ ಟ್ಯಾಪೆಟ್ಟಿಗೆ ಸಾಲಿಡ್ ಎಂದು ಹೆಸರು. ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವುದು ಹೈಡ್ರಾಲಿಕ್.

ಈ ಸಣ್ಣ ಸಂದಿನ ಬಗ್ಗೆ ಅಮೆರಿಕದಲ್ಲಿ ಇಂದಿಗೂ ವಾದ ನಡೆಯುತ್ತದೆ ಎಂದರೆ ನಂಬುವುದು ಕಷ್ಟ. ಕಾರಣ ಅಲ್ಲಿನ ‘ಮಸಲ್ ಕಾರು’ಗಳು. ನಮ್ಮ ಮಾತಿನಲ್ಲಿ ಜಟ್ಟಿ ಕಾರು ಎನ್ನಬಹುದು. ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ವಿ-8 ಎಂಜಿನ್ನು ಕೂರಿಸಿ ಯುವಕರಿಗೆ ಮಾರುವ ಚಾಳಿ 1964ರ ಪಾಂಟಿಯಾಕ್ ಜಿಟಿಒದಿಂದ ಜೋರಾಯಿತು. 1966ರಲ್ಲಿ ಕ್ರೈಸ್ಲರ್ ಕಂಪನಿ ತನ್ನ 7 ಲೀಟರಿನ ಹೆಮಿ ಎಂಜಿನ್ನನ್ನು ಡಾಡ್ಜ್ ಮತ್ತು ಪ್ಲಿಮತ್ ಕಾರುಗಳಲ್ಲಿ ರಸ್ತೆಗೆ ಬಿಟ್ಟಿತು. ಕಂಪನಿ ಹೇಳಿದ ಬಲ 425 ಅಶ್ವಶಕ್ತಿ. ಷೆವ್ರೊಲೆಯ ಎಂಜಿನಿಯರ್ ಜೋರಾ ಆರ್ಕಸ್-ಡುಂಟೊವ್ ಹೆಸರಿನ ಒಂದು ಕ್ಯಾಮ್ ಶಾಫ್ಟಿಗೆ 30 ಥೌ ಸಂದು ಬೇಕಿತ್ತು, ನಮ್ಮ ಅಂಬಾಸಿಡರಿನ ಎರಡರಷ್ಟು. ಅದರ ಟಕಟಕ ಸದ್ದನ್ನು ಕೇಳಿ ಸಂತೋಷಪಡುವವರು ಇಂದಿಗೂ ಇದ್ದಾರೆ. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಹೊಗೆಯ ಕಾಯ್ದೆ, ವಿಮೆಯ ದರ ಎಲ್ಲ ಸೇರಿ ಈ ಕಾರುಗಳ ಕಾಲ ಮುಗಿಸಿದ್ದವು. ಆದರೆ ಅವುಗಳನ್ನು ಉಳಿಸಿಕೊಂಡವರು ಕ್ಯಾಮ್ ಶಾಫ್ಟು ಬದಲಾಯಿಸುವುದನ್ನು ಬಿಟ್ಟಿಲ್ಲ. ಅಂಬಾಸಿಡರಿನ ಎಂಜಿನ್ನು ಬಿಚ್ಚಿ ನೋಡಿದ ನಮ್ಮ ಮೆಕ್ಯಾನಿಕ್‌ಗೆ ಆ ವಿ-8 ತೀರ ಅಪರಿಚಿತ ಎನಿಸದು. ಬ್ಲಾಕಿನೊಳಗೇ ಕ್ಯಾಮ್ ಶಾಫ್ಟು, ಟ್ಯಾಪೆಟ್ಟು, ಪುಶ್ ರಾಡು. ಜಾತಿ ಒಂದೇ, ಗಾತ್ರ ಬೇರೆ.

ಅಲ್ಲಿನ ಹವ್ಯಾಸಿಗಳನ್ನು ಬಹಳ ಸೆಳೆಯುವ ಆಯ್ಕೆಯೆಂದರೆ ಸಾಲಿಡ್ ರೋಲರ್. ಸಾಮಾನ್ಯ ಟ್ಯಾಪೆಟ್ಟಿನ ತಳ ಚಪ್ಪಟೆ. ಉಬ್ಬಿನ ಮೇಲೆ ಅದು ಜಾರುತ್ತದೆ. ರೋಲರ್ ಟ್ಯಾಪೆಟ್ಟಿನ ತಳದಲ್ಲಿ ಪುಟ್ಟ ಚಕ್ರವಿದೆ, ಅದು ಉರುಳುತ್ತದೆ. ಚಪ್ಪಟೆ ತಳಕ್ಕೆ ಉಬ್ಬು ಕಡಿದಾಗಿದ್ದರೆ ಅಂಚು ತಾಗಿ ಸವೆಯುತ್ತದೆ. ಚಕ್ರಕ್ಕೆ ಆ ಭಯವಿಲ್ಲ. ಹಾಗಾಗಿ ವಾಲ್ವನ್ನು ಥಟ್ಟನೆ ತೆರೆದು, ಹೆಚ್ಚು ಎತ್ತರಕ್ಕೆ ಎತ್ತಿ, ಥಟ್ಟನೆ ಮುಚ್ಚಬಹುದು. ಎಂಜಿನ್ನು ಹೆಚ್ಚು ಗಾಳಿ ಕುಡಿಯುತ್ತದೆ, ಬಲ ಹೆಚ್ಚುತ್ತದೆ.

ಇಷ್ಟು ಒಳ್ಳೆಯದಾದರೆ ಎಲ್ಲರೂ ಹಾಕಿಸಿಕೊಳ್ಳಬಾರದೇಕೆ? ಥಟ್ಟನೆ ಎದ್ದ ವಾಲ್ವನ್ನು ಥಟ್ಟನೆ ಎಳೆದು ತರಲು ಗಟ್ಟಿ ಸ್ಪ್ರಿಂಗು ಬೇಕು. ಓಟದ ಎಂಜಿನ್ನುಗಳಲ್ಲಿ ವಾಲ್ವು ಪೂರ್ತಿ ತೆರೆದಾಗ ಸ್ಪ್ರಿಂಗಿನ ಒತ್ತಡ 600 ಪೌಂಡನ್ನೂ ಮೀರುತ್ತದೆ. 50 ಕಿಲೋದ ಐದು ಅಕ್ಕಿ ಮೂಟೆಗಿಂತ ಹೆಚ್ಚಿನ ಭಾರ ಅದು, ಬೆರಳ ತುದಿಯಷ್ಟಗಲದ ಚಕ್ರದ ಮೇಲೆ. ಚಕ್ರದೊಳಗಿನ ಸೂಜಿಯಂಥ ಬೇರಿಂಗುಗಳಿಗೆ ಎಣ್ಣೆ ಸಾಲದಿದ್ದರೆ ಅವು ಪುಡಿಯಾಗಿ ಎಂಜಿನ್ನಿನೊಳಕ್ಕೆ ಉದುರುತ್ತವೆ. ಕ್ರ್ಯಾಂಕಿನಿಂದ ಸಿಡಿಯುವ ಎಣ್ಣೆಯೇ ಅವುಗಳಿಗೆ ಬಹಳ ಮಟ್ಟಿಗೆ ಆಧಾರ. ಎಂಜಿನ್ನು ನಿಧಾನವಾಗಿ ಗುರುಗುಡುತ್ತ ನಿಂತಾಗ ಎಣ್ಣೆ ಸಿಡಿಯುವುದೂ ಕಡಿಮೆ. ಓಟದ ಕಾರು ಹೆಚ್ಚು ಹೊತ್ತು ಹಾಗೆ ನಿಲ್ಲುವುದಿಲ್ಲ. ರಸ್ತೆಯ ಕಾರಿಗೆ ಸಿಗ್ನಲ್ ಇದೆ, ಜಾತ್ರೆ ಇದೆ, ಎದುರಿಗೆ ಎಮ್ಮೆಯೂ ಇದೆ.

ಉಬ್ಬು ಅಗಲವಾದಷ್ಟೂ ವಾಲ್ವು ಹೆಚ್ಚು ಹೊತ್ತು ತೆರೆದಿರುತ್ತದೆ. ಅದು ವೇಗದಲ್ಲಿ ಲಾಭ, ನಿಧಾನದಲ್ಲಿ ನಷ್ಟ. ಎರಡು ವಾಲ್ವುಗಳೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿದರೆ ಎಂಜಿನ್ನು ಕುಂಟುತ್ತ ನಿಲ್ಲುತ್ತದೆ, ಬ್ರೇಕಿಗೆ ನೆರವಾಗುವ ನಿರ್ವಾತ ಕುಗ್ಗುತ್ತದೆ, ಪೆಡಲು ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಗಟ್ಟಿ ಉಕ್ಕಿನ ಕ್ಯಾಮಿಗೆ ಡಿಸ್ಟ್ರಿಬ್ಯೂಟರಿನ ಮಾಮೂಲಿ ಗಿಯರ್ ಹೊಂದದೆ ಅದನ್ನೂ ಬದಲಿಸಬೇಕಾದೀತು. ಸಂದನ್ನು ಆಗಾಗ ಅಳೆಯಬೇಕು. ಅಳತೆ ಇದ್ದಕ್ಕಿದ್ದಂತೆ ಬದಲಾದರೆ ಒಳಗೇನೋ ಸವೆಯುತ್ತಿದೆ ಎಂದೇ ಅರ್ಥ. ಇದನ್ನೆಲ್ಲ ಬಲ್ಲವರು ಮೊದಲು ಕಾರಿನ ತೂಕ, ಗಿಯರಿನ ಅನುಪಾತ, ಸಿಲಿಂಡರಿನ ಸಂಪೀಡನ ನೋಡಿ, ಆಮೇಲೆ ಸಣ್ಣ ಉಬ್ಬಿನ ಕ್ಯಾಮನ್ನೇ ಆರಿಸುತ್ತಾರೆ. ದಿನಬಳಕೆಗೆ ಹೈಡ್ರಾಲಿಕ್ ರೋಲರೇ ಮೇಲು ಎಂಬುದು ಸ್ಕೂಟರಿನಾಚೆ ಏನನ್ನೂ ಓಡಿಸದ ಈ ಲೇಖಕನಿಗೂ ತಿಳಿಯುವ ಮಾತು. ಕಾರು ಕಂಪನಿಗಳೂ ಅದನ್ನೇ ಮಾಡಿದವು. 1985ರಲ್ಲಿ ಫೋರ್ಡ್ ತನ್ನ 5 ಲೀಟರ್ ಮಸ್ಟಾಂಗಿಗೆ ಹೈಡ್ರಾಲಿಕ್ ರೋಲರನ್ನು ಹಾಕಿತು.

ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮ್ ಶಾಫ್ಟು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಆದರೆ ರೋಲರಿನ ಚಕ್ರ ಒಂದು ಗೆರೆಯಷ್ಟೇ ಅಗಲದಲ್ಲಿ ಉಬ್ಬನ್ನು ಒತ್ತುವುದರಿಂದ ಮಾಮೂಲಿ ಎರಕ ಆ ಭಾರವನ್ನು ತಾಳದು. ಅದಕ್ಕೆ ಉಕ್ಕು ಬೇಕು. ಅದರಲ್ಲೂ ಮಿಶ್ರಲೋಹದ ಉಕ್ಕು: ಕಡೆದು, ಮೇಲ್ಮೈಗೆ ಇಂಗಾಲವನ್ನು ಉಣಿಸಿ, ಕಾಯಿಸಿ, ಅದ್ದಿ ಗಟ್ಟಿ ಮಾಡಿದ್ದು. ಹೊರಗೆ ಗಾಜಿನಂತೆ ಬಿರುಸು, ಒಳಗೆ ಬಾಗಿದರೂ ಮುರಿಯದ ಮೆದು. ಇಂಗಾಲ ಉಣಿಸುವ ಹಳೆಯ ವಿಧಾನವೆಂದರೆ ಉಕ್ಕನ್ನು ಇದ್ದಿಲ ಪುಡಿಯಲ್ಲಿ ಹೂತು ಕಾಯಿಸುವುದು. ಇದ್ದಿಲು, ಕಬ್ಬಿಣ ಎಂದ ಮೇಲೆ ಶಿವಮೊಗ್ಗ ಜಿಲ್ಲೆಯವರಿಗೆ ನೆನಪಾಗುವ ಊರು ಒಂದೇ.

ಆ ಊರಿನ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಅಲ್ಲಿ ಕುಲುಮೆ ಹೊತ್ತಿಸುವ ಯೋಜನೆ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷ, 1918ರಲ್ಲಿ, ಆಕಾರ ಪಡೆಯಿತು. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು. ಕಾಡಿನ ಕಟ್ಟಿಗೆಯನ್ನು ಬಟ್ಟಿ ಇಳಿಸಿ ಇದ್ದಿಲು ಮಾಡುವ ಘಟಕವೂ ಅಲ್ಲೇ ಇತ್ತು. ಮರದ ಮದ್ಯಸಾರ, ಡಾಂಬರು ಉಪ ಉತ್ಪನ್ನಗಳು. 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಹರಿಯಿತು. ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರು ಕಾರ್ಖಾನೆಯನ್ನು ಒಂದು ಹದಕ್ಕೆ ತಂದರು. 1936ರಲ್ಲಿ ಉಕ್ಕು ಬಂತು. ಕಾಡಿಗೆ ಬಿದ್ದ ಕೊಡಲಿಯ ಲೆಕ್ಕ ಬೇರೆಯೇ ಬರೆಯಬೇಕಾದ ಕಥೆ. ಮುಂದೆ ಜೋಗದ ವಿದ್ಯುತ್ತಿನಿಂದ ಉರಿಯುವ ಕುಲುಮೆಗಳು ಬಂದು ಇದ್ದಿಲಿನ ಹೊರೆಯನ್ನು ಕಡಿಮೆ ಮಾಡಿದವು. ಸ್ವಾತಂತ್ರ್ಯಾನಂತರ ಕಾರ್ಖಾನೆ ಮಿಶ್ರಲೋಹದ ವಿಶೇಷ ಉಕ್ಕಿನತ್ತ ಹೊರಳಿತು. ಸ್ಪ್ರಿಂಗಿನ ಉಕ್ಕು, ಬೇರಿಂಗಿನ ಉಕ್ಕು, ಮೇಲ್ಮೈ ಗಟ್ಟಿ ಮಾಡುವ ಉಕ್ಕು. ಸಾಲಿಡ್ ರೋಲರ್ ಕ್ಯಾಮು ಬೇಡುವ ಮೂರೂ ಬಗೆಗಳು ಇವೇ ಎಂಬುದನ್ನು ಗಮನಿಸಬೇಕು.

ಭದ್ರಾವತಿಯಲ್ಲಿ ಉಕ್ಕು ಹರಿಯತೊಡಗಿದ ಹೊತ್ತಿಗೇ ವಿಶ್ವೇಶ್ವರಯ್ಯನವರ ತಲೆಯಲ್ಲಿ ಮೋಟಾರು ಕಾರು ಓಡುತ್ತಿತ್ತು. ಎಪ್ಪತ್ತು ದಾಟಿದ ಅವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿ, ಅಮೆರಿಕದಲ್ಲಿ ಮೊದಲು ಫೋರ್ಡ್ ಜತೆ, ಅದು ಕೂಡಿಬರದೆ ಕ್ರೈಸ್ಲರ್ ಜತೆ ಮಾತಾಡಿದರು. ಹೌದು, ಮುಂದೆ ಹೆಮಿ ಎಂಜಿನ್ನು ಮಾಡಿದ ಅದೇ ಕ್ರೈಸ್ಲರ್. ಕಾರ್ಖಾನೆ ಬೆಂಗಳೂರಿನಲ್ಲಿ ಆಗಬೇಕೆಂದಿತ್ತು, ಮೈಸೂರು ಸರ್ಕಾರವೂ ಆಸಕ್ತಿ ತೋರಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ಸಿಗಲಿಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಲಚಂದ್ ತಂದದ್ದು ವಿಮಾನದ ಕಾರ್ಖಾನೆ, ಇಂದಿನ ಎಚ್.ಎ.ಎಲ್.ನ ಮೂಲ ಅದು. ಕಾರಿನ ಯೋಜನೆ ಮುಂಬಯಿಗೆ ಹೋಗಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಯಿತು. ವಿಶ್ವೇಶ್ವರಯ್ಯನವರು 1951ರ ತಮ್ಮ ನೆನಪುಗಳ ಪುಸ್ತಕದಲ್ಲೂ ಈ ಯೋಜನೆಯ ಕಥೆಯನ್ನು ಬಿಟ್ಟಿಲ್ಲ.

ಪ್ರೀಮಿಯರಿನಿಂದ ಬಂದ ಡಾಡ್ಜ್, ಫಾರ್ಗೋ ಲಾರಿಗಳು ಮಲೆನಾಡಿನ ಘಾಟಿಗಳಲ್ಲಿ ನಾಟಾ ಹೊತ್ತು ಹತ್ತಿದ್ದನ್ನು ಹಿರಿಯರು ನೆನೆಯುತ್ತಾರೆ. ಡಾಡ್ಜ್, ಪ್ಲಿಮತ್ ಕಾರುಗಳೂ ಅಲ್ಲಿ ಜೋಡಣೆಗೊಂಡವು. ಆದರೆ ಅವುಗಳದು ತಣ್ಣನೆ ಸ್ವಭಾವದ ಆರು ಸಿಲಿಂಡರಿನ ಎಂಜಿನ್ನು: ವಾಲ್ವುಗಳು ಬ್ಲಾಕಿನ ಪಕ್ಕದಲ್ಲೇ, ಪುಶ್ ರಾಡೂ ಇಲ್ಲ, ರಾಕರೂ ಇಲ್ಲ. ಅಮೆರಿಕದಲ್ಲಿ ಅದೇ ಹೆಸರಿನ ಕಾರು ಜಟ್ಟಿಯಾಗುವ ಹೊತ್ತಿಗೆ ನಾವು ಆಮದು ನಿರ್ಬಂಧದ ಕಾಲದಲ್ಲಿ ಅಂಬಾಸಿಡರು, ಫಿಯೆಟ್ಟುಗಳಿಗೆ ಸಾಲು ನಿಂತಿದ್ದೆವು. ನಮ್ಮ ನಾಡಿನದೇ ಆದ ವಾಹನವೆಂದರೆ ಮೈಸೂರಿನ ಜಾವಾ, ಆಮೇಲಿನ ಯೆಜ್ಡಿ. ಅದರದು ಎರಡು ಸ್ಟ್ರೋಕಿನ ಎಂಜಿನ್ನು. ವಾಲ್ವೇ ಇಲ್ಲದ್ದರಿಂದ ಕ್ಯಾಮ್ ಶಾಫ್ಟೂ ಇಲ್ಲ! ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದರ ಎಂಜಿನ್ನಿನ ತಲೆಯ ಮೇಲೆ ಎರಡು ಕ್ಯಾಮ್ ಶಾಫ್ಟುಗಳಿದ್ದವು.

ಭದ್ರಾವತಿಯ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರೊಳಗೇ ವಿಲೀನವಾಯಿತು. ಒಂದು ಕಾಲಕ್ಕೆ ಕೆಮ್ಮಣ್ಣುಗುಂಡಿಯನ್ನೇ ನಂಬಿದ್ದ ಕಾರ್ಖಾನೆಗೆ ತನ್ನದೇ ಗಣಿ ಇಲ್ಲದಂತಾಯಿತು. ಖಾಸಗಿಯವರಿಗೆ ಮಾರಲು ಹೊರಟ ಕೇಂದ್ರ ಸರ್ಕಾರ ಕೊಳ್ಳುವವರಿಲ್ಲದೆ 2022ರಲ್ಲಿ ಆ ಯತ್ನ ಕೈಬಿಟ್ಟಿತು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು. ಊರೇ ಅವರ ಜತೆ ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು, ಪ್ರಾಧಿಕಾರದ ಬೇರೆ ಸ್ಥಾವರಗಳಿಂದ ತಂದ ಉಕ್ಕಿನ ದಿಮ್ಮಿಗಳ ಮೇಲೆ. 2024ರಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಭದ್ರಾವತಿಗೆ ಬಂದು ಕಾರ್ಖಾನೆಯನ್ನು ನೋಡಿ, ಪುನಶ್ಚೇತನದ ಮಾತಾಡಿ ಹೋದರು.

ಬಾರ್ ಮಿಲ್ಲಿನಿಂದ ಹೊರಬರುವುದು ದುಂಡನೆಯ ಉಕ್ಕಿನ ಸಲಾಕೆ. ಅಮೆರಿಕದ ಅಂಗಡಿಯಲ್ಲಿ ಸಾಲಿಡ್ ರೋಲರ್ ಕ್ಯಾಮ್ ಶಾಫ್ಟು ಕಡೆಯುವವನೂ ಲೇತಿನ ಮೇಲೆ ಮೊದಲು ಕೂರಿಸುವುದು ಅಂಥದೇ ಒಂದು ಸಲಾಕೆಯನ್ನು.