ಮೇದೋಜೀರಕ ಗ್ರಂಥಿಯ ನೀರುಗುಳ್ಳೆ: ವೃದ್ಧರಲ್ಲಿ ಶಸ್ತ್ರರಹಿತ ಚಿಕಿತ್ಸೆಯ ಇತಿಹಾಸ

ಜಠರದ ಹಿಂಬದಿಯಲ್ಲಿ, ಬೆನ್ನುಮೂಳೆಗೆ ಅಡ್ಡಲಾಗಿ, ಸಣ್ಣ ಕರುಳಿನ ಮೊದಲ ತಿರುವಿನಿಂದ ಪ್ಲೀಹದವರೆಗೆ ಚಾಚಿಕೊಂಡಿರುವ ಮೇದೋಜೀರಕ ಗ್ರಂಥಿಯಲ್ಲಿ ದ್ರವ ತುಂಬಿದ ಚೀಲಗಳು ಹುಟ್ಟುವುದುಂಟು. ಇವನ್ನು ಜನ ನೀರುಗುಳ್ಳೆಗಳೆಂದೂ ವೈದ್ಯರು ಸಿಸ್ಟುಗಳೆಂದೂ ಕರೆಯುತ್ತಾರೆ. ಇವುಗಳಲ್ಲಿ ಎರಡು ಕುಲಗಳು ಮುಖ್ಯವಾದವು. ಗ್ರಂಥಿಯ ಉರಿಯೂತದ ತರುವಾಯ ಪಾಚಕರಸವು ಸೋರಿ ಸುತ್ತಲೂ ಮಡುಗಟ್ಟಿ, ತನ್ನದೇ ಆದ ಒಳಪೊರೆಯಿಲ್ಲದೆ ನಾರಿನ ಗೋಡೆಯಿಂದ ಮಾತ್ರ ಆವೃತವಾಗುವುದು ಹುಸಿಗುಳ್ಳೆ. ಅಂಗಾಂಶವೇ ಬೆಳೆದು ದ್ರವವನ್ನು ಸ್ರವಿಸುವುದು ನಿಜವಾದ ಗುಳ್ಳೆ. ಮೊದಲನೆಯದು ನೋವನ್ನೂ ವಾಂತಿಯನ್ನೂ ತರಬಹುದಾದರೂ ಅರ್ಬುದವಾಗಿ ಪರಿಣಮಿಸುವುದಿಲ್ಲ. ಎರಡನೆಯದರಲ್ಲಿ ಲೋಳೆ ಸ್ರವಿಸುವ ಬಗೆಗಳು ವರ್ಷಗಳು ಉರುಳಿದಂತೆ ಅರ್ಬುದಕ್ಕೆ ತಿರುಗುವ ಸಂಭವವುಂಟು. ಈ ಭೇದವನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ಎರಡು ಶತಮಾನಗಳೇ ಹಿಡಿದವು.

ಇಟಲಿಯ ಮೊರ್ಗಾಗ್ನಿಯು 1761ರಲ್ಲಿ ಪ್ರಕಟಿಸಿದ ಶವಪರೀಕ್ಷೆಗಳ ಮಹಾಗ್ರಂಥದಲ್ಲಿ ಇಂಥ ಗುಳ್ಳೆಯ ವರ್ಣನೆಯುಂಟು. ಅನಂತರ ಶತಮಾನಕ್ಕೂ ಹೆಚ್ಚು ಕಾಲ ಅದು ಶವಾಗಾರದ ವಿಷಯವಾಗಿಯೇ ಉಳಿಯಿತು. 1882ರಲ್ಲಿ ಅಮೆರಿಕದ ಬೋಜ್‌ಮನ್, ಅಂಡಾಶಯದ ಗೆಡ್ಡೆಯೆಂದು ಭಾವಿಸಿ ಉದರವನ್ನು ತೆರೆದು, 20 ಪೌಂಡಿಗೂ ಮಿಗಿಲಾದ ಗುಳ್ಳೆಯೊಂದನ್ನು ಮೇದೋಜೀರಕದಿಂದ ಬೇರ್ಪಡಿಸಿದನು; ಅದೇ ಕಾಲದಲ್ಲಿ ಗುಸೆನ್‌ಬೌವರ್ ಎಂಬ ಶಸ್ತ್ರವೈದ್ಯನು ಗುಳ್ಳೆಯ ಬಾಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು ದ್ರವವು ಹೊರಗೆ ಹರಿಯುವಂತೆ ಮಾಡಿದನು. ಮುಂದೆ ಗುಳ್ಳೆಯನ್ನು ಜಠರಕ್ಕೋ ಕರುಳಿಗೋ ಹೊಲಿದು ಒಳಗೇ ಬರಿದಾಗಿಸುವ ವಿಧಾನಗಳು ಬಂದವು. ಆದರೆ ಇವೆಲ್ಲವೂ ದೀರ್ಘವಾದ ಅರಿವಳಿಕೆಯನ್ನೂ ದೊಡ್ಡ ಗಾಯವನ್ನೂ ತಾಳಬಲ್ಲ ದೇಹವನ್ನು ಬಯಸುತ್ತಿದ್ದುದರಿಂದ, ಹೃದಯವೂ ಶ್ವಾಸಕೋಶವೂ ದುರ್ಬಲವಾದ ಮುದುಕರಿಗೆ ರೋಗಕ್ಕಿಂತ ಉಪಚಾರವೇ ಭಾರವಾಗುತ್ತಿತ್ತು.

ಕತ್ತಿಯಿಲ್ಲದ ಮಾರ್ಗವು ತೆರೆದುಕೊಂಡುದು 1970ರ ದಶಕದಲ್ಲಿ. 1975ರಲ್ಲಿ ರೋಜರ್ಸ್ ಮತ್ತು ಸಂಗಡಿಗರು ಬಾಯಿಯಿಂದ ಇಳಿಸುವ ನಳಿಗೆಯಾದ ಎಂಡೋಸ್ಕೋಪಿನ ಮೂಲಕ ಜಠರದ ಗೋಡೆಯನ್ನು ಚುಚ್ಚಿ ಹುಸಿಗುಳ್ಳೆಯ ದ್ರವವನ್ನು ಸೂಜಿಯಿಂದ ಸೆಳೆದರು. ಮರುವರ್ಷ ಡೆನ್ಮಾರ್ಕಿನ ಹಾಂಕೆ ಮತ್ತು ಪೆಡರ್ಸನ್ನರು ಅಲ್ಟ್ರಾಸೌಂಡ್ ಚಿತ್ರವನ್ನು ನೋಡುತ್ತ ಹೊಟ್ಟೆಯ ಮೇಲಿನಿಂದಲೇ ಗುಳ್ಳೆಯನ್ನು ಚುಚ್ಚಿದ ವರದಿಯನ್ನಿತ್ತರು. ಬರಿಯ ಸೂಜಿಯಿಂದ ಸೆಳೆದರೆ ದ್ರವ ಮತ್ತೆ ತುಂಬಿಕೊಳ್ಳುವುದು ಸಾಮಾನ್ಯವೆಂದು ಬೇಗನೆ ತಿಳಿದುದರಿಂದ, ರಂಧ್ರ ಮುಚ್ಚದಂತೆ ಕೊಳವೆಯನ್ನು ಇರಿಸುವ ಪದ್ಧತಿ 1980ರ ದಶಕದಲ್ಲಿ ರೂಢಿಗೆ ಬಂದಿತು. ಆಗಿನ ವೈದ್ಯನು ಜಠರದೊಳಗೆ ಉಬ್ಬಿ ಕಾಣುವ ಭಾಗವನ್ನು ಗುರುತಿಸಿ ಚುಚ್ಚಬೇಕಾಗಿದ್ದಿತು. ಉಬ್ಬಿಲ್ಲದ ಗುಳ್ಳೆ ಅವನ ಕೈಗೆ ಸಿಕ್ಕದು, ನಡುವೆ ಹಾದುಹೋಗುವ ರಕ್ತನಾಳ ಅವನ ಕಣ್ಣಿಗೆ ಬೀಳದು. ಎಂಡೋಸ್ಕೋಪಿನ ತುದಿಗೇ ಅಲ್ಟ್ರಾಸೌಂಡನ್ನು ಜೋಡಿಸಿದ ಉಪಕರಣವು ಈ ಕುರುಡುತನವನ್ನು ನೀಗಿತು. 1992ರಲ್ಲಿ ಗ್ರಿಮ್, ಬಿನ್‌ಮೊಲ್ಲರ್, ಸೊಹೇಂದ್ರ ಎಂಬುವರು ಅದರ ನೆರವಿನಿಂದ ಹುಸಿಗುಳ್ಳೆಯನ್ನು ಬರಿದುಮಾಡಿದರು.

ಇಂದು ಆ ಕ್ರಿಯೆ ನಡೆಯುವ ರೀತಿ ಹೀಗಿದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ನಿದ್ರೆಯ ಮದ್ದು ಕೊಟ್ಟು, ಬಾಯಿಯ ಮೂಲಕ ಜಠರಕ್ಕೆ ನಳಿಗೆಯನ್ನು ಇಳಿಸುತ್ತಾರೆ; ಪರದೆಯ ಮೇಲೆ ಗುಳ್ಳೆಯು ಕಪ್ಪು ಮಡುವಿನಂತೆ ಗೋಚರಿಸುತ್ತದೆ, ಬಣ್ಣದ ಡಾಪ್ಲರ್ ಚಿತ್ರವು ರಕ್ತನಾಳಗಳಿರುವೆಡೆಯನ್ನು ತೋರುತ್ತದೆ. ಆ ನಾಳಗಳನ್ನು ತಪ್ಪಿಸಿ ಸೂಜಿಯಿಂದ ಗೋಡೆಯನ್ನು ಭೇದಿಸಿ, ತಂತಿಯನ್ನು ತೂರಿಸಿ, ಅದರ ಮೇಲೆ ಪ್ಲಾಸ್ಟಿಕ್ ಕೊಳವೆಗಳನ್ನಾಗಲಿ, 2010ರ ಅನಂತರ ಬಳಕೆಗೆ ಬಂದ, ಎರಡು ತುದಿಯೂ ಅಗಲವಾಗಿ ಅರಳಿ ಜಠರವನ್ನೂ ಗುಳ್ಳೆಯನ್ನೂ ಒಂದಕ್ಕೊಂದು ಬಿಗಿಹಿಡಿಯುವ ಲೋಹದ ಸ್ಟೆಂಟನ್ನಾಗಲಿ ಇರಿಸುತ್ತಾರೆ. ಲೋಹದ್ದಾದರೆ ಸುಮಾರು ನಾಲ್ಕು ವಾರಗಳಲ್ಲಿ ತೆಗೆಯಬೇಕು. ಮರೆತು ಬಿಟ್ಟರೆ ರಕ್ತಸ್ರಾವದ ಭಯವುಂಟು. 2013ರಲ್ಲಿ ವರದರಾಜುಲು ಮತ್ತು ಸಂಗಡಿಗರು ಪ್ರಕಟಿಸಿದ ತುಲನಾತ್ಮಕ ಪರೀಕ್ಷೆಯಲ್ಲಿ ಈ ಮಾರ್ಗದ ಫಲವು ಶಸ್ತ್ರಕ್ರಿಯೆಗೆ ಸಮನಾಗಿದ್ದು, ಆಸ್ಪತ್ರೆಯ ವಾಸವೂ ವೆಚ್ಚವೂ ಕಡಿಮೆಯಾಗಿದ್ದವು. ವೃದ್ಧರ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಉಪಕಾರವನ್ನು ಈ ಕ್ಷೇತ್ರವು ಇನ್ನೂ ಮಾಡಿಲ್ಲ.

ನಿಜವಾದ ಗುಳ್ಳೆಗಳ ಕಥೆ ಬೇರೆ. 1978ರಲ್ಲಿ ಕೊಂಪಾಗ್ನೊ ಮತ್ತು ಓರ್ಟೆಲ್ ತಿಳಿದ್ರವದ ನಿರುಪದ್ರವಿ ಗುಳ್ಳೆಯನ್ನು ಲೋಳೆಯ ಗುಳ್ಳೆಯಿಂದ ಬೇರ್ಪಡಿಸಿದರು. 1982ರಲ್ಲಿ ಜಪಾನಿನ ಓಹಾಶಿ ಮತ್ತು ಸಂಗಡಿಗರು ಗ್ರಂಥಿಯ ನಾಳದೊಳಗೇ ಬೆಳೆದು ಲೋಳೆ ಸುರಿಸುವ ಬಗೆಯನ್ನು ವರ್ಣಿಸಿದರು. ಇತ್ತ ಸಿಟಿ ಮತ್ತು ಎಂಆರ್‌ಐ ಯಂತ್ರಗಳು ಬೇರಾವುದೋ ಕಾರಣಕ್ಕೆ ತೆಗೆದ ಚಿತ್ರಗಳಲ್ಲಿ ಗುಳ್ಳೆಗಳನ್ನು ತೋರತೊಡಗಿದವು. 2008ರ ಅಮೆರಿಕದ ಒಂದು ಅಧ್ಯಯನದಲ್ಲಿ ಸಿಟಿ ಮಾಡಿಸಿಕೊಂಡವರಲ್ಲಿ ಒಟ್ಟಾರೆ ಶೇಕಡ 2.6 ಮಂದಿಗೆ, 80ರಿಂದ 89ರ ವಯಸ್ಸಿನವರಲ್ಲಾದರೋ ಶೇಕಡ 8.7 ಮಂದಿಗೆ ಇವು ಕಂಡವು. ಇಷ್ಟು ಮಂದಿಯನ್ನೂ ಕತ್ತಿಗೊಡ್ಡುವುದು ವಿವೇಕವಲ್ಲವಾದುದರಿಂದ, ಯಾವುದನ್ನು ಬಿಡಬಹುದು, ಯಾವುದನ್ನು ಕಾಯಬೇಕು ಎಂಬ ವಿಚಾರವೇ ಚಿಕಿತ್ಸೆಯ ತಿರುಳಾಯಿತು. ವೈದ್ಯರಿಗೆ ದಾರಿತೋರುವ 2006ರ ಸೆಂಡಾಯ್ ಸೂತ್ರಗಳೂ, 2012ರ ಫುಕುವೋಕ, 2018ರ ಯುರೋಪು, 2024ರ ಕ್ಯೋಟೊ ಸೂತ್ರಗಳೂ ಇದರಿಂದ ಹುಟ್ಟಿದವು. ಕಾಮಾಲೆ, ಬಣ್ಣದ ಮದ್ದಿಗೆ ಹೊಳೆಯುವ 5 ಮಿಲಿಮೀಟರಿನಷ್ಟು ಅಥವಾ ಅದಕ್ಕೂ ದೊಡ್ಡ ಗಂಟು, 10 ಮಿಲಿಮೀಟರಿಗೆ ಹಿಗ್ಗಿದ ಮುಖ್ಯನಾಳ: ಇವು ಅಪಾಯದ ಲಕ್ಷಣಗಳು. ಇವಿಲ್ಲದ ಸಣ್ಣ ಗುಳ್ಳೆಗೆ ನಿಯತಕಾಲದ ಎಂಆರ್‌ಐ ಸಾಕು. ರೋಗಿಯ ಆರೋಗ್ಯವು ಶಸ್ತ್ರಕ್ರಿಯೆಯನ್ನು ಎಂದಿಗೂ ಸಹಿಸದೆಂದು ತಿಳಿದಾಗ ಆ ಪರೀಕ್ಷೆಗಳನ್ನೂ ನಿಲ್ಲಿಸಬಹುದೆಂಬ ಮಾತನ್ನು ಸೂತ್ರಕಾರರು ಹೇಳಿರುವುದು, ನಮ್ಮ ಅಭಿಪ್ರಾಯದಲ್ಲಿ, ಧೈರ್ಯದ ಮಾತು. ಫಲವಿಲ್ಲದ ಪರೀಕ್ಷೆಯಿಂದ ಮುದುಕರಿಗೆ ಸಿಕ್ಕುವುದು ಆತಂಕವೊಂದೇ.

ನಿಜವಾದ ಗುಳ್ಳೆಯನ್ನು ಇದ್ದಲ್ಲೇ ಒಣಗಿಸುವ ಯತ್ನವೂ ನಡೆದಿದೆ. 2005ರಲ್ಲಿ ಬ್ರೂಗ್ ಮತ್ತು ಸಂಗಡಿಗರು ದ್ರವವನ್ನು ಸೆಳೆದು ಆಲ್ಕೋಹಾಲಿನಿಂದ ಒಳಗೋಡೆಯನ್ನು ತೊಳೆದರು. ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಅರ್ಬುದನಾಶಕ ಮದ್ದು ಸೇರಿತು. 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಆಲ್ಕೋಹಾಲನ್ನು ಕೈಬಿಟ್ಟರೂ ಫಲ ಕುಗ್ಗದೆ ತೊಡಕು ತಗ್ಗುವುದನ್ನು ತೋರಿತು. ರೇಡಿಯೋ ತರಂಗದ ಶಾಖವನ್ನೂ ಪ್ರಯೋಗಿಸಿದ್ದಾರೆ. ಶಸ್ತ್ರಕ್ರಿಯೆಗೆ ಒಲ್ಲದ, ಆದರೆ ಇನ್ನೂ ಹಲವು ವರ್ಷ ಬಾಳುವ ಭರವಸೆಯುಳ್ಳ ಆಯ್ದ ರೋಗಿಗಳಿಗೆ ಮಾತ್ರ ಇವು ಯೋಗ್ಯ.

ಮೈಸೂರು ಸೀಮೆಗೆ ಈ ವಿಷಯ ದೂರದ್ದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ ಅದಕ್ಕೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಸುತ್ತಲಿನ ಹಳ್ಳಿಗರಿಗೆ ಬಹುಕಾಲದ ಆಶ್ರಯ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಕೆಂಪು ನೆಲ ವರ್ಜೀನಿಯಾ ಹೊಗೆಸೊಪ್ಪಿನ ಬೀಡು. ಬ್ಯಾರನ್ನುಗಳೆಂಬ ಕಾವುಗೂಡುಗಳಲ್ಲಿ ಹದಗೊಂಡ ಸೊಪ್ಪು ರೈತನ ಕೈಗೆ ಹಣ ತಂದಿರುವುದು ನಿಜವಾದರೂ, ಧೂಮಪಾನವು ಮೇದೋಜೀರಕದ ದೀರ್ಘಕಾಲದ ಉರಿಯೂತಕ್ಕೂ ಅರ್ಬುದಕ್ಕೂ ಕಾರಣವೆಂಬುದು ಅಷ್ಟೇ ನಿಜ. ಗುಳ್ಳೆಯುಳ್ಳ ವೃದ್ಧನಿಗೆ ಬೀಡಿ ಮತ್ತು ಹೆಂಡವನ್ನು ಬಿಡಿಸುವುದು ಯಾವ ಯಂತ್ರವೂ ಬೇಡದ, ಯಾವ ಹಳ್ಳಿಯಲ್ಲಾದರೂ ಸಾಧ್ಯವಾದ ಉಪಚಾರ.

ಈ ಸೀಮೆಯ ಮಿರ್ಲೆಯಂಥ ಊರಿನ ಹಿರಿಯರೊಬ್ಬರು ಹೊಟ್ಟೆನೋವೆಂದು ಕೃಷ್ಣರಾಜನಗರಕ್ಕೆ ಹೋಗಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿದರೆ, ಕರುಳಿನ ವಾಯು ಅಡ್ಡವಾಗಿ ಗ್ರಂಥಿಯು ಪೂರ್ಣವಾಗಿ ಕಾಣದಿರುವುದುಂಟು. ಕಂಡ ಗುಳ್ಳೆಯ ಸ್ವರೂಪ ತಿಳಿಯಲು ಮೈಸೂರು, ಬೆಂಗಳೂರುಗಳ ದೊಡ್ಡ ಆಸ್ಪತ್ರೆಯನ್ನು ಸೇರಬೇಕಾಗುತ್ತದೆ. ಅಲ್ಲಿಗೆ ಹೋಗುವಾಗ ರಕ್ತವನ್ನು ತೆಳುಮಾಡುವ ಮಾತ್ರೆಗಳ ವಿಷಯವನ್ನೂ ಹೊಸದಾಗಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆಯನ್ನೂ ತೂಕ ಇಳಿದುದನ್ನೂ ಮರೆಯದೆ ತಿಳಿಸಬೇಕು. ಗುಳ್ಳೆ ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದು ಹಳೆಯ ಚಿತ್ರದೊಡನೆ ಹೋಲಿಸಿದಾಗಲೇ ನಿರ್ಧಾರವಾಗುವುದರಿಂದ, ಮನೆಯವರು ಹಿಂದಿನ ಫಿಲ್ಮುಗಳನ್ನೂ ವರದಿಗಳನ್ನೂ ಜೋಪಾನವಾಗಿ ಕಾದಿರಿಸಿ ಪ್ರತಿ ಭೇಟಿಯಲ್ಲೂ ವೈದ್ಯರ ಮುಂದಿಡತಕ್ಕದ್ದು.